ಕಾಡುಮೊಲಗಳು: ಅಳಿವಿನಂಚಿಗೆ ಸರಿದ ಪ್ರಭೇದಗಳು

ಮೊಲಗಳು ಲೆಪೋರಿಡೀ ಕುಟುಂಬಕ್ಕೆ ಸೇರಿದ ಸಸ್ಯಾಹಾರಿ ಸ್ತನಿಗಳು. ಈ ಕುಟುಂಬದಲ್ಲಿ ಜಾತಿಗಳು ಹನ್ನೊಂದು, ಪ್ರಭೇದಗಳು ಅರವತ್ತಕ್ಕೂ ಮೇಲೆ. ಅವುಗಳಲ್ಲಿ ಲೆಪಸ್ ಎಂಬ ಒಂದು ಜಾತಿಯವು ಬಯಲಿನ ಮೊಲಗಳು. ಕಾಲು ನೀಳ, ಕಿವಿ ನೀಳ, ಓಟವೇ ಅವಕ್ಕೆ ರಕ್ಷಣೆ. ಮರಿ ಹುಟ್ಟುವಾಗಲೇ ಮೈತುಂಬ ತುಪ್ಪಳವಿರುತ್ತದೆ, ಕಣ್ಣು ತೆರೆದಿರುತ್ತದೆ. ಉಳಿದ ಹತ್ತು ಜಾತಿಗಳವು ಮರೆಯಲ್ಲಿ ಬದುಕುವಂಥವು. ಅವುಗಳ ಮರಿ ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುತ್ತದೆ. ಗೂಡೋ ಬಿಲವೋ ದಟ್ಟ ಪೊದೆಯೋ ಇಲ್ಲದಿದ್ದರೆ ಬದುಕುವುದಿಲ್ಲ. ಕರ್ನಾಟಕದ ಕುರುಚಲು ಕಾಡುಗಳಲ್ಲಿ, ಹೊಲದ ಬದುಗಳಲ್ಲಿ ರಾತ್ರಿ ಗಾಡಿಯ ಬೆಳಕಿಗೆ ಸಿಕ್ಕಿ ಗಕ್ಕನೆ ನಿಂತು ಮರುಕ್ಷಣ ಹಾರಿಹೋಗುವ ಕಪ್ಪು ಕತ್ತಿನ ಮೊಲ ಮೊದಲ ಗುಂಪಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದರ ಬೇಟೆ ಅಪರಾಧ. ಬೇಟೆ ನಡೆದೇ ಇದೆ, ಆದರೂ ಪ್ರಭೇದಕ್ಕೆ ಸದ್ಯ ಅಳಿವಿನ ಭಯವಿಲ್ಲ. ಮನೆಗಳಲ್ಲಿ ಸಾಕುವ ಬಿಳಿ ಮೊಲ ಎರಡನೆಯ ಗುಂಪಿನದು. ಈ ಲೇಖನಕ್ಕೆ ವಸ್ತುವಾದದ್ದು ಆ ಎರಡನೆಯ ಗುಂಪಿನ ಕಾಡುಪ್ರಭೇದಗಳು.

ಮೊಲಕ್ಕೆ ಅಳಿವೆಂಬುದು ಉಂಟೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಶೋಕಿಗೆಂದು ಇಂಗ್ಲೆಂಡಿನಿಂದ ತರಿಸಿ ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಬಿಟ್ಟ ಎರಡು ಡಜನ್ ಮೊಲಗಳ ಸಂತತಿ ಅರ್ಧ ಶತಮಾನದೊಳಗೆ ಆ ಖಂಡದ ಬಹುಭಾಗಕ್ಕೆ ಹರಡಿತು. ಅವನ್ನು ತಡೆಯಲೆಂದೇ ಪಶ್ಚಿಮ ಆಸ್ಟ್ರೇಲಿಯ ಸರಕಾರ 1,800 ಕಿ.ಮೀ. ಮೀರಿದ ಬೇಲಿ ಹಾಕಿಸಿತು. ಬೇಲಿ 1907ರಲ್ಲಿ ಮುಗಿಯುವ ಹೊತ್ತಿಗೆ ಮೊಲಗಳು ಆಚೆ ದಾಟಿಯಾಗಿತ್ತು. ಮೊಲದ ಬಗ್ಗೆ ಲೋಕಕ್ಕಿರುವ ಕಲ್ಪನೆಯೆಲ್ಲ ಹೀಗೆ ಯುರೋಪಿನ ಕಾಡುಮೊಲ (ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್) ಎಂಬ ಒಂದೇ ಪ್ರಭೇದವನ್ನು ನೋಡಿ ಹುಟ್ಟಿದ್ದು. ಅದಕ್ಕೆ ತಿಂಗಳ ಗರ್ಭ, ಸೂಲಿಗೆ ಐದಾರು ಮರಿ, ವರ್ಷಕ್ಕೆ ಹಲವು ಸೂಲು. ದಕ್ಷಿಣ ಆಫ್ರಿಕದ ನದಿದಂಡೆಯ ಮೊಲ ಒಂದು ಸೂಲಿಗೆ ಹಾಕುವುದು ಒಂದೇ ಮರಿ, ಅಪರೂಪಕ್ಕೆ ಎರಡು. ಜಪಾನಿನ ಅಮಾಮಿ ಮೊಲದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಎರಡನೆಯ ಗುಂಪಿನ ಹತ್ತು ಜಾತಿಗಳಲ್ಲಿ ಏಳು ಒಂಟಿ ಜಾತಿಗಳು, ಅಂದರೆ ಒಂದೊಂದರಲ್ಲಿ ಒಂದೊಂದೇ ಪ್ರಭೇದ ಉಳಿದಿದೆ. ಆ ಏಳರಲ್ಲಿ ಐದು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯದಂಚಿನ ಅಥವಾ ತೀವ್ರ ಅಪಾಯದಂಚಿನ ವರ್ಗದಲ್ಲಿವೆ. ಇವುಗಳಲ್ಲಿ ಒಂದು ಪ್ರಭೇದ ಹೋದರೆ ಒಂದು ಜಾತಿಯೇ ಹೋದಂತೆ. ಒಂದೊಂದೂ ಒಂದು ಬಗೆಯ ಹುಲ್ಲಿಗೆ, ಒಂದು ಬಗೆಯ ಪೊದೆಗೆ, ಒಂದು ಬಗೆಯ ಮಣ್ಣಿಗೆ ಬದುಕನ್ನು ಕಟ್ಟಿಕೊಂಡು ಬಹಳ ಕಾಲ ಉಳಿದು ಬಂದದ್ದು. ಬೇಟೆ, ರೋಗ, ಬೆಕ್ಕು, ನಾಯಿ ಎಂದು ಕಾರಣಗಳನ್ನು ಎಷ್ಟು ಹೇಳಿದರೂ ಹೆಚ್ಚಿನ ಪ್ರಭೇದಗಳ ಕಥೆ ಮೊದಲು ಶುರುವಾಗುವುದು ಅವುಗಳ ಮರೆ ಹೋದಾಗ.

ಹುಲ್ಲಿನ ಮೊಲಗಳು

ಒರಟುಗೂದಲ ಮೊಲ (ಕ್ಯಾಪ್ರೊಲೇಗಸ್ ಹಿಸ್ಪಿಡಸ್) ಈ ಗುಂಪಿನಲ್ಲಿ ಭಾರತದ ಪಾಲಿಗೆ ಬಂದ ಏಕೈಕ ಕಾಡುಪ್ರಭೇದ. 1839ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ತೂಕ ಎರಡರಿಂದ ಎರಡೂವರೆ ಕಿಲೋ. ಮೈಮೇಲೆ ಗಡುಸಾದ ಕಡುಕಂದು ಕೂದಲು. ಮೊಲಕ್ಕೆ ಇಷ್ಟು ಗಿಡ್ಡ ಕಿವಿಯೇ ಎನ್ನಿಸುವಂಥ ಕಿವಿ. ಹಿಂದೆ ಉತ್ತರಪ್ರದೇಶದಿಂದ ಅಸ್ಸಾಮಿನವರೆಗೆ ಹಿಮಾಲಯದ ತಪ್ಪಲಿನುದ್ದಕ್ಕೂ ಹರಡಿದ್ದ ಆಳೆತ್ತರದ ಹುಲ್ಲುಗಾವಲು ಇದರ ನೆಲೆ. ಇಂದು ಉಳಿದಿರುವುದು ತುಂಡುತುಂಡಾಗಿ: ಅಸ್ಸಾಮಿನ ಮಾನಸ್ ಮತ್ತು ಬರ್ನಾಡಿ, ಪಶ್ಚಿಮ ಬಂಗಾಳದ ಜಲ್ದಾಪಾರಾ, ಉತ್ತರಪ್ರದೇಶದ ದುಧ್ವಾ, ನೇಪಾಳದ ಶುಕ್ಲಾಫಾಂಟಾ, ಬರ್ದಿಯಾ ಮತ್ತು ಚಿತ್ವನ್, ಭೂತಾನಿನ ಮಾನಸ್. 1960ರ ದಶಕದ ನಡುವಿಗೆ ಇದು ಅಳಿದೇಹೋಗಿರಬೇಕು ಎಂದು ತಜ್ಞರು ಕೈಬಿಟ್ಟಿದ್ದರು. 1971ರಲ್ಲಿ ಬರ್ನಾಡಿಯ ಹತ್ತಿರ ಜೀವಂತ ಮೊಲವೊಂದು ಸಿಕ್ಕಿತು.

ಈ ಮೊಲ ಬಿಲ ತೋಡುವುದಿಲ್ಲ. ಹುಲ್ಲೇ ಅದಕ್ಕೆ ಮನೆ, ಹುಲ್ಲೇ ಊಟ. ದರ್ಭೆಯ ಬಳಗದ, ಕಬ್ಬಿನ ಬಳಗದ ಎತ್ತರದ ಹುಲ್ಲುಗಳ ಬುಡದಲ್ಲಿ ಸುರಂಗದಂಥ ಹಾದಿಗಳನ್ನು ಮಾಡಿಕೊಂಡು ಸಂಜೆಯ ಮಬ್ಬಿನಲ್ಲಿ, ರಾತ್ರಿಯಲ್ಲಿ ಓಡಾಡುತ್ತದೆ. ಎಳೆಯ ಕಾಂಡವನ್ನು ಬುಡದಲ್ಲಿ ಕಚ್ಚಿ ಕತ್ತರಿಸಿ, ಮೇಲಿನ ಸಿಪ್ಪೆಯನ್ನು ಸುಲಿದು, ಒಳಗಿನ ಮೆತ್ತನೆಯ ತಿರುಳನ್ನು ತಿನ್ನುತ್ತದೆ. ಕಣ್ಣಿಗೆ ಬೀಳುವುದು ತೀರ ಅಪರೂಪವಾದ್ದರಿಂದ ಸಂಶೋಧಕರು ಮೊಲವನ್ನು ಹುಡುಕುತ್ತ ಕೂರುವುದಿಲ್ಲ. ಸಿಪ್ಪೆಯ ಚೂರುಗಳ ಪಕ್ಕದಲ್ಲಿ ಬಿದ್ದಿರುವ ನಾರುನಾರಾದ ಚಪ್ಪಟೆ ಹಿಕ್ಕೆಗಳನ್ನು ಹುಡುಕುತ್ತಾರೆ. ಗುರುತಿಟ್ಟ ಚೌಕಗಳಲ್ಲಿ ಹಿಕ್ಕೆ ಎಣಿಸಿ ಸಂಖ್ಯೆಯನ್ನು ಅಂದಾಜು ಮಾಡುವುದು ರೂಢಿ. ಚಿತ್ವನ್‌ನಲ್ಲಿ 1984ರ ನಂತರ ಮೂರು ದಶಕ ಯಾರಿಗೂ ಕಾಣದಿದ್ದ ಈ ಮೊಲದ ಚಿತ್ರ 2016ರ ಜನವರಿಯಲ್ಲಿ ಕೊನೆಗೂ ದೊರೆಯಿತು.

ಇದಕ್ಕೆ ಎದುರಾದ ಕಂಟಕಗಳಲ್ಲಿ ದೊಡ್ಡದು ಬೇಸಾಯ. ತಪ್ಪಲಿನ ಮೆಕ್ಕಲುಮಣ್ಣು ಭತ್ತಕ್ಕೂ ಕಬ್ಬಿಗೂ ಹೇಳಿಮಾಡಿಸಿದ್ದು. ಮಲೇರಿಯ ಹತೋಟಿಗೆ ಬಂದ ಮೇಲೆ ಜನ ಅಲ್ಲಿಗೆ ಹೋಗಿ ನೆಲೆಸಿದರು, ಹುಲ್ಲುಗಾವಲು ಗದ್ದೆಯಾಯಿತು. ಅಭಯಾರಣ್ಯಗಳ ಒಳಗೆ ಉಳಿದ ಹುಲ್ಲಿನದು ಬೇರೆಯೇ ಕಷ್ಟ. ಮನೆಗೆ ಹೊದಿಸಲು ಜನ ಹುಲ್ಲು ಕೊಯ್ಯುತ್ತಾರೆ. ದನಗಳಿಗೂ ಕಾಡುಪ್ರಾಣಿಗಳಿಗೂ ಹೊಸ ಚಿಗುರು ಬರಲೆಂದು ಹುಲ್ಲಿಗೆ ಬೆಂಕಿ ಇಡುತ್ತಾರೆ. ಅರಣ್ಯ ಇಲಾಖೆಯೇ ಇಡಿಸುವುದೂ ಉಂಟು. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಈ ಹಂಗಾಮು ಮೊಲ ಮರಿ ಹಾಕುವ ಕಾಲದ ಮೇಲೇ ಬಂದು ಬೀಳುತ್ತದೆ. ದೊಡ್ಡ ಮೊಲ ಹೇಗೋ ಓಡಿ ಹಳ್ಳದ ಬದಿಯ ಹಸಿ ಜೊಂಡಿಗೆ ಸೇರಿಕೊಳ್ಳಬಹುದು, ಬೇರೆ ಪ್ರಾಣಿಯ ಬಿಲಕ್ಕೆ ನುಗ್ಗಬಹುದು. ಮರಿಗೆ ಆ ದಾರಿಯಿಲ್ಲ. ಬೆಂಕಿ ಆರಿದ ಮೇಲೆ ಮೈಲಿಗಟ್ಟಲೆ ಬಯಲು ಬೋಳು. ಅಲ್ಲಿ ಹದ್ದು, ನರಿ, ನಾಯಿಗಳ ಕಣ್ಣಿಗೆ ಬೀಳದೆ ತಿರುಗಾಡುವುದು ಸಾಧ್ಯವಿಲ್ಲ.

ಹಾಗೆಂದು ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಆಯಿತೇ? ಇಲ್ಲ. ತಪ್ಪಲಿನ ಹುಲ್ಲುಗಾವಲು ನೆರೆ ಮತ್ತು ಬೆಂಕಿಗಳಿಂದಲೇ ಹುಲ್ಲಾಗಿ ಉಳಿಯುವಂಥದು. ಎರಡೂ ಇಲ್ಲದೆ ಕೆಲವು ವರ್ಷ ಬಿಟ್ಟರೆ ಮರಗಳು ಮೇಲೇಳುತ್ತವೆ, ನೆರಳಿನಡಿ ಹುಲ್ಲು ಸಾಯುತ್ತದೆ. ನದಿಗಳಿಗೆ ಅಣೆಕಟ್ಟು, ಒಡ್ಡು ಹಾಕಿದಲ್ಲಿ ನೆರೆಯ ಕೆಲಸ ಈಗಾಗಲೇ ನಿಂತಿದೆ. ಮಲೆನಾಡಿನವರು ಯುಪಟೋರಿಯಂ ಎಂದು ಕರೆದು ಬೈಯುವ ಕ್ರೊಮೊಲಿನಾ ಕಳೆಯೂ ಮೈಕೇನಿಯ ಬಳ್ಳಿಯೂ ಅಲ್ಲಿಯ ಹುಲ್ಲನ್ನೂ ಮುಚ್ಚುತ್ತ ಬಂದಿವೆ. ಹಾಗಾಗಿ ಪ್ರಶ್ನೆ ಇರುವುದು ಎಲ್ಲಿ, ಎಷ್ಟು, ಯಾವ ತಿಂಗಳಲ್ಲಿ ಸುಡಬೇಕು ಎಂಬುದರಲ್ಲಿ. ಬಯಲನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ವರ್ಷಕ್ಕೆ ಕೆಲವನ್ನು ಮಾತ್ರ, ಚಳಿಗಾಲದ ಮೊದಲಲ್ಲೇ ಸುಟ್ಟು, ಪಕ್ಕದ ತುಂಡುಗಳಲ್ಲಿ ಹಳೆಯ ಹುಲ್ಲನ್ನು ಉಳಿಸಿಕೊಳ್ಳಬೇಕೆಂಬುದು ತಜ್ಞರ ಸಲಹೆ. ಕಾಗದದ ಮೇಲೆ ಇದು ಸುಲಭ. ಗಾಳಿ ಎದ್ದ ಮಧ್ಯಾಹ್ನ ಬೆಂಕಿಯನ್ನು ಗೆರೆ ದಾಟದಂತೆ ಹಿಡಿಯುವುದಕ್ಕೆ ಜನ ಬೇಕು, ಹಣ ಬೇಕು. ಹುಲಿ, ಘೇಂಡಾಮೃಗಗಳ ಲೆಕ್ಕಕ್ಕೆ ಸಿಗುವ ಗಮನದ ಒಂದಂಶವೂ ಎರಡು ಕಿಲೋ ತೂಕದ ಮೊಲಕ್ಕೆ ಸಿಗುವುದು ಕಷ್ಟ. ಇದೇ ಹುಲ್ಲನ್ನು ನಂಬಿದ ಕುಬ್ಜ ಹಂದಿಯ ಪಾಡೂ ಇದೇ. ಮಾನಸ್‌ಗೆ 1985ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತ್ತು. ಮುಂದೆ ಬೋಡೋ ಪ್ರದೇಶದ ಸಶಸ್ತ್ರ ಸಂಘರ್ಷದಲ್ಲಿ ಅದರ ಆಡಳಿತವೇ ಕುಸಿದು, 1992ರಿಂದ 2011ರವರೆಗೆ ಆ ಉದ್ಯಾನ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿತ್ತು.

ಮೆಕ್ಸಿಕೊದ ಅಗ್ನಿಪರ್ವತ ಮೊಲದ (ರೊಮೆರೊಲೇಗಸ್ ಡಯಾಜಿ) ಕಥೆಯೂ ಹುಲ್ಲಿನದೇ. ಸ್ಥಳೀಯರು ಇದನ್ನು ಟೆಪೊರಿಂಗೊ, ಜಕಟೂಚೆ ಎನ್ನುತ್ತಾರೆ. ಅರ್ಧ ಕಿಲೋ ಆಸುಪಾಸಿನ ಪ್ರಾಣಿ, ದುಂಡು ಕಿವಿ, ಬಾಲ ಹೊರಗೆ ಕಾಣುವುದೇ ಇಲ್ಲ. ಸಮುದ್ರಮಟ್ಟದಿಂದ 2,800 ಮೀಟರಿಗೂ ಮೇಲೆ, ಪೊಪೊಕಟೆಪೆಟ್ಲ್, ಇಸ್ತಾಸಿಹ್ವಾಟ್ಲ್, ಎಲ್ ಪೆಲಾಡೊ, ತ್ಲಾಲೊಕ್ ಎಂಬ ನಾಲ್ಕು ಅಗ್ನಿಪರ್ವತಗಳ ಇಳಿಜಾರಿನಲ್ಲಿ, ಪೈನ್ ಮರಗಳಡಿ ಗುಂಪುಗುಂಪಾಗಿ ಬೆಳೆಯುವ ಜಕಾಟೊನ್ ಹುಲ್ಲಿನಲ್ಲಿ ಬದುಕುತ್ತದೆ. ಕೋಟಿಗಟ್ಟಲೆ ಜನರ ಮೆಕ್ಸಿಕೊ ನಗರ ಅಲ್ಲಿಂದ ಕೂಗಳತೆಯಲ್ಲಿ ಎನ್ನುವಷ್ಟು ಹತ್ತಿರ. ದನ ಮೇಯಿಸಲು ಹುಲ್ಲು ಸುಡುವುದು, ಆಲೂಗಡ್ಡೆ, ಓಟ್ಸ್ ಬೆಳೆಯಲು ಇಳಿಜಾರನ್ನು ಉಳುವುದು, ರಸ್ತೆ, ಬೀಡಾಡಿ ನಾಯಿ ಎಲ್ಲವೂ ಸೇರಿ ಅದರ ನೆಲೆಯನ್ನು ಹರಿದು ಹಂಚಿವೆ. ಭೂಮಿ ಬಿಸಿಯೇರಿದರೆ ತಗ್ಗಿನ ಪ್ರಾಣಿಗಳು ಮೇಲಕ್ಕೆ ಸರಿಯಬಹುದು. ಇದು ಇರುವುದೇ ತುದಿಯ ಹತ್ತಿರ, ಇನ್ನು ಹೋಗಬೇಕಾದ್ದು ಎಲ್ಲಿಗೆ?

ಒಣನದಿಯ ದಂಡೆಯಲ್ಲಿ

ದಕ್ಷಿಣ ಆಫ್ರಿಕದ ಕರೂ ಎಂಬ ಅರೆಮರುಭೂಮಿಯಲ್ಲಿ ನದಿ ಎಂದರೆ ವರ್ಷದ ಹೆಚ್ಚುಕಾಲ ಒಣಗಿದ ಮರಳಹಾದಿ. ಅದರ ಇಕ್ಕೆಲದಲ್ಲಿ ನೆರೆ ತಂದುಹಾಕಿದ ಮೆತ್ತನೆಯ ಮೆಕ್ಕಲಿರುತ್ತದೆ, ಮೆಕ್ಕಲಿನ ಮೇಲೆ ಮೊಳಕಾಲೆತ್ತರದ ಬೂದುಬಣ್ಣದ ಪೊದೆಗಳು. ಆ ಕಿರಿದಾದ ಪಟ್ಟಿಯೇ ನದಿದಂಡೆಯ ಮೊಲದ (ಬ್ಯೂನೊಲೇಗಸ್ ಮಾಂಟಿಕ್ಯುಲಾರಿಸ್) ಪ್ರಪಂಚ. ಬೋಅರ್ ಯುದ್ಧದ ಕಾಲದಲ್ಲಿ ಡೀಲ್‌ಫಾಂಟೈನ್ ಎಂಬಲ್ಲಿ ಸಿಕ್ಕ ಮಾದರಿಗಳನ್ನು ನೋಡಿ ಲಂಡನ್ನಿನ ಆಲ್ಡ್‌ಫೀಲ್ಡ್ ಥಾಮಸ್ 1903ರಲ್ಲಿ ಇದನ್ನು ವರ್ಣಿಸಿದ. ಬಾಯಿಯ ಅಂಚಿನಿಂದ ಕೆನ್ನೆಯ ಮೇಲೆ ಹಾದು ಕಿವಿಯ ಕಡೆಗೆ ಹೋಗುವ ಕಡುಕಂದು ಗೆರೆ ಇದರ ಗುರುತು. ಕಣ್ಣಿನ ಸುತ್ತ ಬಿಳಿ ಬಳೆ.

ಈ ಮೊಲಕ್ಕೆ ಮೆಕ್ಕಲುಮಣ್ಣೇ ಏಕೆ ಬೇಕು ಎಂದರೆ, ಹೆಣ್ಣು ಬಿಲ ತೋಡಿಯೇ ಮರಿ ಹಾಕಬೇಕು. ಸುತ್ತಲಿನ ಕಲ್ಲುನೆಲದಲ್ಲಿ ಉಗುರು ಇಳಿಯುವುದಿಲ್ಲ. ದಂಡೆಯ ಮೆತ್ತನೆಯ ಮಣ್ಣಿನಲ್ಲಿ ಗಿಡ್ಡ ಬಿಲ ತೋಡಿ, ಒಳಗೆ ಹುಲ್ಲನ್ನೂ ತನ್ನದೇ ತುಪ್ಪಳವನ್ನೂ ಹಾಸಿ, ಬಾಯನ್ನು ಮಣ್ಣು ಕಡ್ಡಿಗಳಿಂದ ಮುಚ್ಚಿ ಹೋಗುತ್ತದೆ. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಮರಿ. ಆಯುಸ್ಸು ಮೂರುನಾಲ್ಕು ವರ್ಷ. ಒಂದು ಹೆಣ್ಣು ಜೀವಮಾನದಲ್ಲಿ ನಾಲ್ಕು ಮರಿ ಹೆತ್ತರೆ ಹೆಚ್ಚು. ಆದರೆ ಕರೂವಿನಲ್ಲಿ ರೈತನಿಗೆ ಬೇಕಾದ್ದೂ ಅದೇ ಮಣ್ಣು, ಉಳಲು ಬರುವ ನೆಲ ಅಲ್ಲಿ ಅದೊಂದೇ. ಇಪ್ಪತ್ತನೆಯ ಶತಮಾನದಲ್ಲಿ ದಂಡೆಗಳನ್ನು ಉತ್ತು ಬೆಳೆ ಇಟ್ಟರು, ಉಳಿದ ಕಡೆ ಕುರಿಗಳು ಪೊದೆಗಳನ್ನು ಮೇಯ್ದವು, ಮೇಲ್ಭಾಗದ ಕಟ್ಟೆಗಳಿಂದಾಗಿ ಹೊಸ ಮೆಕ್ಕಲು ಬರುವುದು ಕಡಿಮೆಯಾಯಿತು. ಕಳೆದುಹೋದ ದಂಡೆ ಮತ್ತೆ ಹುಟ್ಟಿಕೊಳ್ಳುವ ಪ್ರದೇಶ ಇದಲ್ಲ. ಮಳೆ ಅಷ್ಟು ಕಡಿಮೆ. ಸೆರೆಯಲ್ಲಿಟ್ಟು ಸಂತತಿ ಹೆಚ್ಚಿಸುವ ಯತ್ನವೂ ಕೈಗೂಡಲಿಲ್ಲ. ತೀವ್ರ ಅಪಾಯದಂಚಿನ ಪ್ರಾಣಿಗಳ ಪಟ್ಟಿಯಲ್ಲಿರುವ ಇದರ ನೆಲೆ ಹೆಚ್ಚುಕಡಿಮೆ ಪೂರ್ತಿಯಾಗಿ ಖಾಸಗಿ ಜಮೀನುಗಳಲ್ಲಿರುವುದರಿಂದ, ಸಂರಕ್ಷಣೆ ಎಂದರೆ ಇಲ್ಲಿ ರೈತರನ್ನು ಒಪ್ಪಿಸುವ ಕೆಲಸ. ಎಂಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ ಎಂಬ ಸಂಸ್ಥೆ ಮಾಡುತ್ತಿರುವುದು ಇದನ್ನೇ. 2003ರಲ್ಲಿ ಟೌಸ್‌ರಿವಿಯರ್ ಬಳಿ, 2018ರಲ್ಲಿ ಬಾವಿಯಾನ್ಸ್‌ಕ್ಲೂಫ್ ಕಣಿವೆಯಲ್ಲಿ, ಹಿಂದೆ ತಿಳಿದಿದ್ದ ಎಲ್ಲೆಯಿಂದ ಆಚೆ ಈ ಮೊಲ ಕಾಣಿಸಿಕೊಂಡದ್ದು ಸಣ್ಣ ಸಮಾಧಾನ.

ದ್ವೀಪಗಳು

ದ್ವೀಪದ ಮೊಲಕ್ಕೆ ಓಡಿಹೋಗಲು ಬೇರೆ ನೆಲವಿಲ್ಲ. ಅಮಾಮಿ ಮೊಲ (ಪೆಂಟಲೇಗಸ್ ಫರ್ನೆಸಿ) ಜಪಾನಿನ ದಕ್ಷಿಣದ ಅಮಾಮಿ ಒಶಿಮಾ ಮತ್ತು ತೊಕುನೊಶಿಮಾ ಎಂಬ ಎರಡು ದ್ವೀಪಗಳಲ್ಲಿ ಮಾತ್ರ ಇದೆ. ಕಪ್ಪುಗಂದು ಮೈ, ಗಿಡ್ಡ ಕಾಲು, ಗಿಡ್ಡ ಕಿವಿ, ಬಲವಾದ ಉಗುರು. ಮೊಲಗಳ ಪೈಕಿ ಅತಿ ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡವುಗಳಲ್ಲಿ ಒಂದೆಂದು ಪ್ರಾಣಿವಿಜ್ಞಾನಿಗಳು ಗುರುತಿಸುತ್ತಾರೆ. ಇದರ ತಾಯ್ತನದ ಕ್ರಮ ವಿಚಿತ್ರ. ತಾಯಿ ಮರಿಯ ಬಿಲವನ್ನು ಮಣ್ಣಿನಿಂದ ಪೂರ್ತಿ ಮುಚ್ಚಿ ಹೋಗುತ್ತದೆ. ಎರಡು ರಾತ್ರಿಗೊಮ್ಮೆ ಬಂದು, ಮಣ್ಣು ಕೆದಕಿ ಬಾಯಿ ತೆರೆದು, ಕೆಲವೇ ನಿಮಿಷ ಹಾಲೂಡಿ, ಮತ್ತೆ ಮಣ್ಣೆಳೆದು ಮುಂಗಾಲುಗಳಿಂದ ತಟ್ಟಿ ತಟ್ಟಿ ನೆಲ ಸಮ ಮಾಡಿ ಹೊರಡುತ್ತದೆ. ಮರಿಯನ್ನು ಹಾವಿನಿಂದ ಕಾಪಾಡುವ ಉಪಾಯವಿದು. ಸ್ತನಿ ಬೇಟೆಗಾರರೇ ಇಲ್ಲದಿದ್ದ ಆ ದ್ವೀಪದಲ್ಲಿ ಹಬು ಎಂಬ ವಿಷದ ಹಾವೇ ದೊಡ್ಡ ಶತ್ರುವಾಗಿತ್ತು.

ಆ ಹಾವನ್ನು ಹತೋಟಿಗೆ ತರಲೆಂದು 1979ರಲ್ಲಿ ಸುಮಾರು ಮೂವತ್ತು ಮುಂಗುಸಿಗಳನ್ನು ಅಮಾಮಿಯಲ್ಲಿ ಬಿಟ್ಟರು. ಅವುಗಳ ಮೂಲ ನಮ್ಮ ದೇಶವೇ: 1910ರಲ್ಲಿ ಪ್ರಾಣಿವಿಜ್ಞಾನಿ ವತಸೆ ಶೋಜಬುರೊ ಬಂಗಾಳದ ಕಡೆಯಿಂದ ಓಕಿನಾವಕ್ಕೆ ಒಯ್ದಿದ್ದ ಮುಂಗುಸಿಗಳ ವಂಶ. ಮುಂಗುಸಿ ಹಗಲಿನ ಪ್ರಾಣಿ, ಹಬು ರಾತ್ರಿಯದು. ಹಾವೂ ಮುಂಗುಸಿಯೂ ಮುಖಾಮುಖಿಯಾದದ್ದೇ ಕಡಿಮೆ. ಹಗಲಲ್ಲಿ ಬಿಲದಲ್ಲಿ ಮಲಗಿದ ಮೊಲ, ನೆಲದ ಹಕ್ಕಿ, ಕಪ್ಪೆ ಅದಕ್ಕೆ ಸಲೀಸಾಗಿ ಸಿಕ್ಕವು. ಹಾವು ಮುಂಗುಸಿಯ ಹಗೆತನದ ಬಗ್ಗೆ ಊರೂರಲ್ಲಿ ಹಾವಾಡಿಗರು ಕಟ್ಟಿದ ನಂಬಿಕೆಯನ್ನು ಒಂದು ಆಡಳಿತವೂ ನಂಬಿತೆಂದರೆ ನಗು ಬರುತ್ತದೆ, ಪರಿಣಾಮ ಮಾತ್ರ ನಗುವಂಥದ್ದಾಗಿರಲಿಲ್ಲ. 2000ದ ಹೊತ್ತಿಗೆ ಮುಂಗುಸಿಗಳು ಸಾವಿರಗಳ ಲೆಕ್ಕಕ್ಕೆ ಏರಿದ್ದವು. ಪರಿಸರ ಸಚಿವಾಲಯ ಬೋನುಗಳನ್ನಿಟ್ಟು, 2005ರಿಂದ ಅದಕ್ಕೆಂದೇ ಒಂದು ಪಡೆಯನ್ನು ಕಟ್ಟಿ, ವಾಸನೆ ಹಿಡಿಯುವ ನಾಯಿಗಳನ್ನು ಪಳಗಿಸಿ, ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು ಮುಂಗುಸಿಗಳನ್ನು ಹಿಡಿಸಿತು. ಕೊನೆಯದು ಸಿಕ್ಕಿದ್ದು 2018ರ ಏಪ್ರಿಲಿನಲ್ಲಿ. ದ್ವೀಪ ಮುಂಗುಸಿಮುಕ್ತವೆಂಬ ಘೋಷಣೆ 2024ರ ಸೆಪ್ಟೆಂಬರಿನಲ್ಲಿ ಬಂತು. 2000ದ ದಶಕದ ಆರಂಭದಲ್ಲಿ ಐದು ಸಾವಿರದೊಳಗೆ ಎಂದು ಅಂದಾಜಾಗಿದ್ದ ಮೊಲಗಳ ಸಂಖ್ಯೆ ಈಗ ಹತ್ತು ಸಾವಿರಕ್ಕೂ ಮೇಲೆಂದು ಲೆಕ್ಕ ಹೇಳುತ್ತದೆ. ಇಷ್ಟು ದೊಡ್ಡ ದ್ವೀಪದಿಂದ ಮುಂಗುಸಿಯನ್ನು ಪೂರ್ತಿ ತೆಗೆದ ಉದಾಹರಣೆ ಬೇರೆ ಇಲ್ಲ. ಬೀಡಾಡಿ ಬೆಕ್ಕುಗಳ, ರಾತ್ರಿ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುವುದರ ಸಮಸ್ಯೆ ಹಾಗೇ ಇದೆ; ಮೊಲ ಹೆಚ್ಚಿದಂತೆ ಎರಡನೆಯದು ಹೆಚ್ಚುವುದೂ ಸ್ವಾಭಾವಿಕ. 1995ರಲ್ಲಿ ಗಾಲ್ಫ್ ಮೈದಾನಕ್ಕೆ ಕೊಟ್ಟ ಪರವಾನಗಿಯ ವಿರುದ್ಧ ಈ ಮೊಲವನ್ನೇ ವಾದಿಯನ್ನಾಗಿಸಿ ಕಾಗೋಶಿಮಾದ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. ಮೊಲಕ್ಕೆ ದಾವೆ ಹೂಡುವ ಹಕ್ಕಿಲ್ಲವೆಂದು 2001ರಲ್ಲಿ ಅದು ವಜಾ ಆಯಿತು.

ಫ್ಲಾರಿಡದ ತುದಿಯ ಸಣ್ಣ ದ್ವೀಪಗಳಲ್ಲಿರುವ ಜೌಗುಮೊಲದ ಉಪಪ್ರಭೇದಕ್ಕೆ ಪ್ಲೇಬಾಯ್ ಪತ್ರಿಕೆಯ ಹ್ಯೂ ಹೆಫ್ನರ್‌ನ ಹೆಸರಿದೆ. ಅದರ ಅಧ್ಯಯನಕ್ಕೆ ಅವನ ಸಂಸ್ಥೆ ಹಣ ಕೊಟ್ಟಿತ್ತು. 1990ರಿಂದ ಅಮೆರಿಕದ ಅಪಾಯದಂಚಿನ ಪಟ್ಟಿಯಲ್ಲಿದೆ. ಮನೆ ಕಟ್ಟಡಗಳೂ ಬೆಕ್ಕುಗಳೂ ಹಳೆಯ ಶತ್ರುಗಳು, ಏರುತ್ತಿರುವ ಸಮುದ್ರ ಹೊಸದು. ಮೆಕ್ಸಿಕೊದ ಪಶ್ಚಿಮ ತೀರದಾಚೆ, 1905ರಿಂದ 2019ರವರೆಗೆ ಕೈದಿಗಳನ್ನು ಇಡುತ್ತಿದ್ದ ಮಾರಿಯಾಸ್ ದ್ವೀಪಗಳಲ್ಲಿ ಮಾತ್ರ ಇರುವ ಸಿಲ್ವಿಲೇಗಸ್ ಗ್ರೇಸೋನಿಗೆ ಅಲ್ಲಿ ಬಿಟ್ಟ ಮೇಕೆಗಳೂ ಇಲಿಗಳೂ ಕಂಟಕವಾದವು.

ಉರುಳು

ವಿಯೆಟ್ನಾಮ್ ಮತ್ತು ಲಾವೋಸ್‌ಗಳ ಗಡಿಯ ಅನ್ನಮೈಟ್ ಬೆಟ್ಟಸಾಲಿನ ಪಟ್ಟೆಮೊಲ (ನೆಸೊಲೇಗಸ್ ಟಿಮಿನ್ಸಿ) ವಿಜ್ಞಾನಕ್ಕೆ ಸಿಕ್ಕಿದ್ದು ಕಾಡಿನಲ್ಲಲ್ಲ, 1990ರ ದಶಕದ ಮಧ್ಯದಲ್ಲಿ ಲಾವೋಸ್‌ನ ಸಂತೆಯೊಂದರಲ್ಲಿ, ಮಾಂಸದ ಮಾರಾಟದಲ್ಲಿ. ಕಂಡವನು ರಾಬರ್ಟ್ ಟಿಮಿನ್ಸ್ ಎಂಬ ಜೀವವಿಜ್ಞಾನಿ, 2000ದಲ್ಲಿ ಪ್ರಭೇದಕ್ಕೆ ಅವನ ಹೆಸರೇ ಬಂತು. ಬೂದಿಹಳದಿ ಮೈಮೇಲೆ ಕಪ್ಪುಗಂದು ಪಟ್ಟೆಗಳು, ಕೆಂಪಾದ ಹಿಂಭಾಗ. ಇದರ ಹತ್ತಿರದ ನೆಂಟ ಸುಮಾತ್ರಾದ ಪಟ್ಟೆಮೊಲ. ಎರಡೂ ಬೇರ್ಪಟ್ಟು ಸುಮಾರು 80 ಲಕ್ಷ ವರ್ಷಗಳಾದವೆಂದು ಡಿಎನ್ಎ ಹೋಲಿಕೆ ತಿಳಿಸುತ್ತದೆ. ಅನ್ನಮೈಟ್ ಕಾಡುಗಳಲ್ಲಿ ಮರಗಳು ಇನ್ನೂ ನಿಂತಿವೆ, ಮರೆಯೂ ಇದೆ. ಇಲ್ಲದಿರುವುದು ಪ್ರಾಣಿಗಳು. ಸೈಕಲ್ಲಿನ, ಮೋಟಾರಿನ ತಂತಿಯಿಂದ ಮಾಡಿದ ಅಗ್ಗದ ಉರುಳುಗಳನ್ನು ಕಾಲುಹಾದಿಗಳುದ್ದಕ್ಕೂ ಸಾಲಾಗಿ ಒಡ್ಡುತ್ತಾರೆ. ಉರುಳಿಗೆ ಯಾವ ಪ್ರಾಣಿ ಬೇಕೆಂಬ ಆಯ್ಕೆಯಿಲ್ಲ, ನೆಲದ ಮೇಲೆ ನಡೆಯುವುದೆಲ್ಲ ಬೀಳುತ್ತದೆ. ಹ್ಯೂ ಮತ್ತು ಕ್ವಾಂಗ್ ನಾಮ್‌ನ ಸಾವೋಲಾ ಅಭಯಾರಣ್ಯಗಳೆರಡರಲ್ಲೇ 2011ರ ನಂತರದ ವರ್ಷಗಳಲ್ಲಿ ಕಾವಲುಪಡೆಗಳು ಕಿತ್ತುಹಾಕಿದ ಉರುಳುಗಳು ಲಕ್ಷ ಮೀರಿದವು. ಕೀಳುವುದಕ್ಕಿಂತ ಹೊಸದು ಒಡ್ಡುವುದು ಬೇಗ.

ತವರಿನಲ್ಲಿ ಬರ

ಆಸ್ಟ್ರೇಲಿಯ ಪಿಡುಗೆಂದು ಕೊಲ್ಲುವ ಅದೇ ಯುರೋಪಿನ ಕಾಡುಮೊಲವನ್ನು ಐಯುಸಿಎನ್ 2019ರಲ್ಲಿ ತನ್ನ ಸಹಜ ನೆಲೆಯಲ್ಲಿ ಅಪಾಯದಂಚಿನದೆಂದು ಘೋಷಿಸಿತು. ಅದರ ತವರು ಸ್ಪೇನ್, ಪೋರ್ಚುಗಲ್ ಮತ್ತು ಫ್ರಾನ್ಸಿನ ದಕ್ಷಿಣದ ತುಣುಕು. ರೋಮನ್ ಚಕ್ರವರ್ತಿ ಹೇಡ್ರಿಯನ್ ಹೊಡೆಸಿದ ನಾಣ್ಯಗಳಲ್ಲಿ ಸ್ಪೇನನ್ನು ಸಂಕೇತಿಸುವ ಹೆಂಗಸಿನ ಪಕ್ಕದಲ್ಲಿ ಮೊಲವಿದೆ; ಆ ನಾಡಿಗೂ ಮೊಲಕ್ಕೂ ನಂಟು ಅಷ್ಟು ಹಳೆಯದು. ಲೋಕದ ಸಾಕುಮೊಲಗಳೆಲ್ಲ, ಬೆಂಗಳೂರಿನ ಅಂಗಡಿಗಳಲ್ಲಿ ಪಂಜರಗಳಲ್ಲಿ ಕೂತವೂ ಸೇರಿ, ಇದೇ ಪ್ರಭೇದದ ವಂಶ.

ಇಲ್ಲಿ ಮೊಲವನ್ನು ಮೊದಲು ಹೊಡೆದದ್ದು ರೋಗ. ಮಿಕ್ಸೊಮಾ ವೈರಸ್ ದಕ್ಷಿಣ ಅಮೆರಿಕದ ಸಿಲ್ವಿಲೇಗಸ್ ಮೊಲಗಳಲ್ಲಿ ಸಣ್ಣ ಗಂಟು ಎಬ್ಬಿಸಿ ಸುಮ್ಮನಾಗುವಂಥದು, ಯುರೋಪಿನ ಮೊಲಕ್ಕೆ ಮಾತ್ರ ಮಾರಣಾಂತಿಕ. ಆಸ್ಟ್ರೇಲಿಯ 1950ರಲ್ಲಿ ಇದನ್ನು ಬೇಕೆಂದೇ ಹರಡಿತು. 1952ರ ಜೂನಿನಲ್ಲಿ ಆರ್ಮಾನ್-ದೆಲಿಲ್ ಎಂಬ ಫ್ರೆಂಚ್ ವೈದ್ಯ ಮಾಯ್‌ಬ್ವಾ ಎಂಬಲ್ಲಿಯ ತನ್ನ ಎಸ್ಟೇಟಿನ ಮೊಲಗಳ ಕಾಟ ತೀರಿಸಲು ಎರಡು ಮೊಲಗಳಿಗೆ ವೈರಸ್ಸಿನ ಚುಚ್ಚುಮದ್ದು ಕೊಟ್ಟು ಬಿಟ್ಟ. ಎಸ್ಟೇಟಿನ ಸುತ್ತ ಗೋಡೆ ಇತ್ತು. ಸೊಳ್ಳೆ, ಚಿಗಟಗಳಿಗೆ ಗೋಡೆಯ ಹಂಗಿಲ್ಲ. ಮರುವರ್ಷವೇ ರೋಗ ಬ್ರಿಟನ್ನಿಗೂ ಸ್ಪೇನಿಗೂ ಮುಟ್ಟಿತು. ವೈದ್ಯನಿಗೆ ಐದು ಸಾವಿರ ಫ್ರಾಂಕ್ ದಂಡವಾಯಿತು, ಮುಂದೆ ರೈತಪರ ವಲಯದಿಂದ ಪದಕವೂ ಬಂತು. ಮೊಲಗಳು ನಿಧಾನವಾಗಿ ಮಿಕ್ಸೊಮಾಕ್ಕೆ ಒಗ್ಗಿಕೊಳ್ಳುತ್ತಿದ್ದಾಗ, 1984ರಲ್ಲಿ ಚೀನದ ಸಾಕುಮೊಲಗಳಲ್ಲಿ ಎದ್ದ ರಕ್ತಸ್ರಾವ ರೋಗ ದಶಕದ ಕೊನೆಗೆ ಸ್ಪೇನಿಗೆ ಬಂತು. ಆ ವೈರಸ್ಸಿನಲ್ಲಿ ಒಂದು ಸಡಿಲವಿತ್ತು. ತೀರ ಎಳೆಯ ಮರಿಗಳನ್ನು ಅದು ಕೊಲ್ಲುತ್ತಿರಲಿಲ್ಲ. ಎಳವೆಯಲ್ಲಿ ಸೋಂಕು ತಗುಲಿದವು ಪ್ರತಿರೋಧ ಪಡೆದು ಬೆಳೆಯುತ್ತಿದ್ದವು. 2010ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಎರಡನೆಯ ಬಗೆಯ ವೈರಸ್ ಮರಿಗಳನ್ನೂ ಬಿಡಲಿಲ್ಲ. ಮೊದಲಿನ ಪ್ರತಿರೋಧ ಇದರ ಮುಂದೆ ಕೆಲಸ ಮಾಡಲಿಲ್ಲ. ಹತ್ತು ವರ್ಷದೊಳಗೆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದದ್ದಕ್ಕೆ ಇದು ಮುಖ್ಯ ಕಾರಣ. ಬದು, ಬೇಲಿ, ಪೊದೆಗಳ ನಡುವಿನ ಸಣ್ಣ ಹೊಲಗಳು ದೊಡ್ಡ ಯಂತ್ರದ ಹೊಲಗಳಾದದ್ದು, ಇಲ್ಲವೇ ಬೀಳುಬಿದ್ದು ದಟ್ಟ ಕುರುಚಲಾದದ್ದು ರೋಗದಿಂದ ಉಳಿದವು ಚೇತರಿಸಿಕೊಳ್ಳಲು ಅಡ್ಡಿಯಾಯಿತು. ಮೊಲಕ್ಕೆ ಬೇಕಾದ್ದು ಪೊದೆ ಮತ್ತು ತೆರೆದ ಹುಲ್ಲು ಒಂದರ ಪಕ್ಕ ಒಂದು.

ಮೊಲ ಹೋದರೆ ಹೋಗುವುದು ಮೊಲ ಮಾತ್ರವಲ್ಲ ಎಂಬುದು ಇಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಇಬೇರಿಯದ ಲಿಂಕ್ಸ್ ಬೆಕ್ಕಿನ ಆಹಾರದಲ್ಲಿ ಶೇಕಡಾ 80–90 ಪಾಲು ಮೊಲ, ದಿನಕ್ಕೊಂದು ಬೇಕು. 2002ರಲ್ಲಿ ಆ ಬೆಕ್ಕುಗಳು ನೂರಕ್ಕಿಂತ ಕಡಿಮೆ ಉಳಿದಿದ್ದವು. ಸೆರೆಯಲ್ಲಿ ಸಾಕಿ ಬಿಡುವುದರ ಜೊತೆಗೆ ಮೊಲಗಳಿಗಾಗಿ ಕೃತಕ ಬಿಲ ಕಟ್ಟಿ, ಪೊದೆ ಬೆಳೆಸಿದ ಮೇಲೆ 2023ಕ್ಕೆ ಎರಡು ಸಾವಿರ ದಾಟಿದವು. 2024ರಲ್ಲಿ ಅಪಾಯದ ವರ್ಗ ಒಂದು ಮೆಟ್ಟಿಲು ಇಳಿಯಿತು. ಸ್ಪೇನಿನ ಚಕ್ರವರ್ತಿ ಹದ್ದೂ ಮೊಲವನ್ನೇ ನಂಬಿದ್ದು. ಸ್ಪೇನಿನ ಒಳನಾಡಿನ ಕೆಲವೆಡೆ, ಮುಖ್ಯವಾಗಿ ಹೆದ್ದಾರಿ, ರೈಲುಹಳಿಗಳ ಏರಿಗಳಲ್ಲಿ, ಮೊಲ ವಿಪರೀತ ಹೆಚ್ಚಿ ದ್ರಾಕ್ಷಿ, ಬಾರ್ಲಿ ತಿಂದು ರೈತರು ಪರಿಹಾರ ಕೇಳುತ್ತಿರುವುದೂ ನಿಜ. ನೈಋತ್ಯದ ಉಪಪ್ರಭೇದ ಕುಗ್ಗುತ್ತಿದೆ, ಈಶಾನ್ಯದ್ದು ಹಲವೆಡೆ ಉಬ್ಬುತ್ತಿದೆ. ಒಂದೇ ದೇಶದ ಕೃಷಿ ಇಲಾಖೆಗೂ ವನ್ಯಜೀವಿ ಇಲಾಖೆಗೂ ಒಂದೇ ಪ್ರಾಣಿಯ ಬಗ್ಗೆ ಎರಡು ಕಡತ ತೆರೆಯಬೇಕಾದ ಪರಿಸ್ಥಿತಿ.

ಉತ್ತರ ಅಮೆರಿಕ

ಕಾಡು ಬೆಳೆದರೆ ವನ್ಯಜೀವಿ ಉಳಿಯುತ್ತದೆ ಎಂಬ ಮಾತಿಗೆ ನ್ಯೂ ಇಂಗ್ಲೆಂಡಿನ ಮೊಲ (ಸಿಲ್ವಿಲೇಗಸ್ ಟ್ರಾನ್ಸಿಷನಾಲಿಸ್) ಅಪವಾದ. ಅದಕ್ಕೆ ಬೇಕಾದ್ದು ಎಳೆಯ ಪೊದೆಗಾಡು. ರೈತರು ಬಿಟ್ಟುಹೋದ ಹೊಲಗಳಲ್ಲಿ ಪೊದೆ ಎದ್ದಾಗ ಅದು ಹೆಚ್ಚಿತು, ಪೊದೆಗಳು ಎತ್ತರದ ಮರಗಳಾಗಿ ನೆಲ ಖಾಲಿಯಾದಾಗ ಕುಗ್ಗಿತು. 1960ರಿಂದ ಅದರ ನೆಲೆ ಸುಮಾರು ಶೇಕಡಾ 86ರಷ್ಟು ಕಿರಿದಾಗಿದೆ. ಬೇಟೆಗೆಂದು ಹೊರಗಿನಿಂದ ತಂದು ಬಿಟ್ಟ ಪೂರ್ವದ ಹತ್ತಿಬಾಲದ ಮೊಲ ನೋಡಲು ಥೇಟ್ ಇದರಂತೆಯೇ, ಆದರೆ ಕಣ್ಣು ದೊಡ್ಡದು; ತೆರೆದ ಜಾಗದಲ್ಲೂ ಬೇಟೆಗಾರನನ್ನು ದೂರದಿಂದಲೇ ಕಂಡು ಓಡುತ್ತದೆ. ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಹಿಕ್ಕೆಯ ಡಿಎನ್ಎ ಪರೀಕ್ಷೆಯೇ ದಾರಿ. ಇಲ್ಲಿ ಸಂರಕ್ಷಣೆಯ ಹೆಸರಿನಲ್ಲಿ ಮರ ಕಡಿಯಬೇಕಾಗುತ್ತದೆ, ಇದನ್ನು ಊರವರಿಗೆ ವಿವರಿಸುವುದು ಅಧಿಕಾರಿಗಳಿಗೆ ಸುಲಭವಾಗಿಲ್ಲ.

ರಕ್ತಸ್ರಾವ ರೋಗದ ಎರಡನೆಯ ಬಗೆ 2020ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳ ಕಾಡುಮೊಲಗಳಿಗೂ ಹಬ್ಬಿತು. ಮೊದಲಿನ ಬಗೆ ಅಲ್ಲಿಯ ಮೊಲಗಳನ್ನು ಮುಟ್ಟುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಹ್ವಾಕೀನ್ ಕಣಿವೆಯ ನದಿಬದಿಯ ಪೊದೆಮೊಲ ಮೊದಲೇ ನೆರೆಗೂ ಬೇಸಾಯಕ್ಕೂ ಸಿಕ್ಕಿ ಕೆಲವೇ ತಾಣಗಳಿಗೆ ಇಳಿದಿತ್ತು. ರೋಗ ಅಲ್ಲಿಗೆ ಬಂದರೆ ಮುಗಿಯಿತೆಂದು ವನ್ಯಜೀವಿ ಇಲಾಖೆ ಕಾಡಿನಲ್ಲೇ ಮೊಲಗಳನ್ನು ಒಂದೊಂದಾಗಿ ಬೋನಿನಲ್ಲಿ ಹಿಡಿದು ಲಸಿಕೆ ಹಾಕಿ ಬಿಡುವ ಕೆಲಸ ಶುರುಮಾಡಿತು.

ವಾಷಿಂಗ್ಟನ್ ರಾಜ್ಯದ ಕೊಲಂಬಿಯ ಜಲಾನಯನದ ಕುಬ್ಜಮೊಲ (ಬ್ರಾಕಿಲೇಗಸ್ ಇಡಹೊಎನ್ಸಿಸ್) ಅರ್ಧ ಕಿಲೋ ಕೂಡ ತೂಗದು. ಒಟ್ಟು ಪ್ರಭೇದಕ್ಕೆ ಅಪಾಯವಿಲ್ಲ, ಸಾವಿರಾರು ವರ್ಷಗಳಿಂದ ಪ್ರತ್ಯೇಕವಾಗಿ ಉಳಿದಿದ್ದ ಈ ಒಂದು ಬಳಗಕ್ಕೆ ಮಾತ್ರ. ಚಳಿಗಾಲದಲ್ಲಿ ಅದರ ಊಟ ಹೆಚ್ಚುಕಡಿಮೆ ಪೂರ್ತಿ ಸೇಜ್‌ಬ್ರಷ್ ಎಂಬ ಕಹಿ ಪೊದೆ, ಬಿಲ ತೋಡುವುದೂ ಅದರ ಬುಡದಲ್ಲೇ. ಪೊದೆಯ ಬಯಲು ಗೋಧಿಯ ಹೊಲವಾದ ಮೇಲೆ 2001ರಲ್ಲಿ ಹದಿನಾರು ಮೊಲಗಳನ್ನು ಹಿಡಿದು ಸಾಕಬೇಕಾಯಿತು. ಒಳಸಂಬಂಧಗಳಿಂದ ಸಂತಾನ ಕುಂಠಿತವಾದಾಗ ಐಡಹೊದ ಮೊಲಗಳ ಜೊತೆ ಕೂಡಿಸಿದರು. ಶುದ್ಧ ತಳಿಯ ಕೊನೆಯ ಮೊಲ 2008ರಲ್ಲಿ ಸತ್ತಿತು. 2007ರಲ್ಲಿ ಬಯಲಿಗೆ ಬಿಟ್ಟ ಇಪ್ಪತ್ತರಲ್ಲಿ ಹೆಚ್ಚಿನವನ್ನು ಬೇಟೆಪ್ರಾಣಿಗಳು ಬೇಗನೆ ಮುಗಿಸಿದವು. 2011ರಿಂದ ಕ್ರಮ ಬದಲಾಯಿತು. ಪೊದೆಯ ಬಯಲಿನಲ್ಲೇ ಬೇಲಿ ಹಾಕಿದ ದೊಡ್ಡ ಆವರಣಗಳಲ್ಲಿ ಮರಿ ಮಾಡಿಸಿ, ಅಲ್ಲಿಂದ ಹೊರಗೆ ಬಿಡತೊಡಗಿದರು. ಸಂಖ್ಯೆ ಏರುತ್ತಿದ್ದಾಗ 2017ರ ಕಾಳ್ಗಿಚ್ಚು ಒಂದು ಆವರಣವನ್ನು ಸುಟ್ಟಿತು, 2020ರ ಪರ್ಲ್ ಹಿಲ್ ಬೆಂಕಿ ಮತ್ತೊಂದು ನೆಲೆಯನ್ನು. ಹೊರಗಿನಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಬೇಸಿಗೆಗೆ ಬೇಗ ಒಣಗಿ ಪೊದೆಗಳ ನಡುವೆ ಬೆಂಕಿಯನ್ನು ಹಬ್ಬಿಸುತ್ತದೆ, ಸುಟ್ಟ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ. ಮೊಲಕ್ಕೆ ಮರೆಯಾಗುವಷ್ಟು ಪೊದೆ ಮತ್ತೆ ಬೆಳೆಯಲು ದಶಕಗಳು ಬೇಕು. ಒಂದೇ ಬೆಂಕಿಗೆ ಎಲ್ಲವೂ ಹೋಗಬಾರದೆಂದು ಮೊಲಗಳನ್ನು ಈಗ ಒಂದಕ್ಕೊಂದು ದೂರವಿರುವ ಹಲವು ತಾಣಗಳಲ್ಲಿ ಹಂಚಿ ಇಟ್ಟಿದ್ದಾರೆ.